ಬೂಟು ಬಿಚ್ಚಿ ಮಲಗಿದವರು

ಅತ್ತೆಯ ಕೋಣೆಗೆ ಇದ್ದದ್ದು ಒಂದೇ ಕಟ್ಟಳೆ. ಮಲಗುವ ಮುಂಚೆ ಬೂಟು ಬಿಚ್ಚಬೇಕು.

ಹೇಳದೆ ಕೇಳದೆ ಗಂಜಿ ಬಗ್ಗಿಸಿಕೊಂಡು ಕುಡಿದರೂ ಅವಳು ಬೈಯುತ್ತಿರಲಿಲ್ಲ. ಒದ್ದೆ ಕೋಟನ್ನು ಅವಳ ಹಾಸಿಗೆಯ ಮೇಲೇ ಎಸೆದರೂ ಬೈಯುತ್ತಿರಲಿಲ್ಲ. ಬೂಟು ಕಾಲಲ್ಲೇ ಇಟ್ಟುಕೊಂಡು ನೆಲಕ್ಕೆ ಬಿದ್ದವರನ್ನು ಮಾತ್ರ ಕಾಲು ಹಿಡಿದು ಎಳೆದು ಕೂರಿಸುತ್ತಿದ್ದಳು.

“ಇದೇನು ಕುದುರೆ ಲಾಯವೇನೋ? ಕುದುರೆಗಾದ್ರೆ ಲಾಳ ಬಿಚ್ಕೊಳ್ಳೋಕೆ ಬರಲ್ಲ, ಪಾಪ. ನಿನಗೇನು ಬಂದಿದೆ ರೋಗ? ಬಿಚ್ಚು.”

“ಬಿಟ್ಬಿಡು ಅತ್ತೆ, ಕಣ್ಣು ತೆರೆಯೋಕಾಗ್ತಿಲ್ಲ.”

“ಕಣ್ಣು ತೆರಿ ಅಂದೋರು ಯಾರು? ಬೂಟು ತೆಗಿ.”

ಅವಳು ಅವರಲ್ಲಿ ಯಾರಿಗೂ ಸ್ವಂತ ಅತ್ತೆಯಲ್ಲ. ಸ್ವಂತದವರು ಅನ್ನುವವರು ಅವಳಿಗೆ ಯಾರೂ ಉಳಿದಿರಲಿಲ್ಲ. ದೊಡ್ಡಾಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಟೈರು ರಿಪೇರಿ ಅಂಗಡಿಯ ಮೇಲಿನ ಕೋಣೆ ಅವಳದು. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಹಗಲು ಪಾಳಿಯ ಕೆಲಸ. ಹೆರಿಗೆಯ ರಕ್ತ, ಸುಟ್ಟವರ ಕೀವು, ಸತ್ತವರ ಕೊನೆಯ ಉಚ್ಚೆ, ಎಲ್ಲ ಮೆತ್ತಿಕೊಂಡ ಹಾಸುಬಟ್ಟೆಗಳು ಮೂಟೆ ಮೂಟೆಯಾಗಿ ಬಂದು ಬೀಳುತ್ತಿದ್ದವು. ಅವನ್ನು ಬಿಡಿಸಬೇಕು, ಹಂಡೆಗೆ ಹಾಕಿ ಕುದಿಸಬೇಕು, ಮರದ ಗಳದಿಂದ ಮೇಲೆತ್ತಬೇಕು. ನೀರು ಕುಡಿದ ಹಾಸುಬಟ್ಟೆ ಹೆಣದಷ್ಟು ಭಾರ. ಅವಳ ಮೊಣಕೈಯಿಂದ ಕೆಳಗೆ ಕೂದಲು ಹುಟ್ಟುತ್ತಿರಲಿಲ್ಲ. ಆವಿ ಅದನ್ನು ಎಂದೋ ಬೇಯಿಸಿಬಿಟ್ಟಿತ್ತು.

ಆ ಕೋಣೆಗೆ ಮಲಗಲು ಬರುವ ಹುಡುಗರದು ರಾತ್ರಿ ಪಾಳಿ. ಮೀನಿನ ಕಾರ್ಖಾನೆಯಲ್ಲಿ. ಸಂಜೆಯಿಂದ ಬೆಳಗಿನವರೆಗೆ ಮಂಜುಗಡ್ಡೆಯಲ್ಲಿ ಕೈಯಿಟ್ಟು ಮೀನಿನ ಹೊಟ್ಟೆ ಸೀಳುವ ಕೆಲಸ. ಕರುಳು ಕಿತ್ತು ಬಕೆಟ್ಟಿಗೆ, ಮೀನು ಓಡುವ ಯಂತ್ರದ ಪಟ್ಟಿಯ ಮೇಲಕ್ಕೆ. ಬೆರಳು ಮರಗಟ್ಟಿದಾಗ ಚಾಕು ಯಾವುದನ್ನು ಸೀಳಿತು ಎಂದು ಆಗ ಗೊತ್ತಾಗುವುದಿಲ್ಲ. ಹೊರಗೆ ಬಂದು ಕೈ ಬಿಸಿಯಾದ ಮೇಲೆ ಗೊತ್ತಾಗುತ್ತದೆ.

ಅವರೆಲ್ಲ ಊರಾಚೆಯ ಶಿಬಿರದವರು. ಗಡಿಯ ಹೊಳೆ ದಾಟಿ ಬಂದವರು. ಮೀಸೆ ಸರಿಯಾಗಿ ಮೂಡದ ಗಂಡುಹುಡುಗರು, ಜಡೆಗೆ ಮೀನಿನ ಹುರುಪೆ ಅಂಟಿಸಿಕೊಂಡು ತಿರುಗುವ ಹೆಣ್ಣುಹುಡುಗಿಯರು. ಊರಿನಲ್ಲಿ ಅವರಿಗೊಂದು ಕಾನೂನಿತ್ತು. ರಾತ್ರಿ ಊರೊಳಗೆ ದುಡಿಯಬಹುದು, ಹಗಲು ಊರೊಳಗೆ ಇರಕೂಡದು. ಕೈ ಬೇಕು, ಮುಖ ಬೇಡ. ಹಗಲಲ್ಲಿ ಸಿಕ್ಕಿಬಿದ್ದವರನ್ನು ಹೊಳೆಯಾಚೆಗೆ ಅಟ್ಟುತ್ತಿದ್ದರು. ಯಾವ ಕಡೆಯಿಂದ ಜೀವ ಉಳಿಸಿಕೊಂಡು ಓಡಿಬಂದಿದ್ದರೋ ಆ ಕಡೆಗೇ.

ಮೊದಲು ಕಾರ್ಖಾನೆಯ ಬಸ್ಸು ಸಂಜೆ ಕರೆತರುತ್ತಿತ್ತು, ಬೆಳಿಗ್ಗೆ ವಾಪಸು ಬಿಡುತ್ತಿತ್ತು. ಆಮೇಲೆ ಬೆಳಗಿನ ಬಸ್ಸು ನಿಲ್ಲಿಸಿದರು. ಕೆಲಸಕ್ಕೆ ಬರುವ ಬಸ್ಸು ಕಾರ್ಖಾನೆಗೆ ಬೇಕು. ಕೆಲಸ ಮುಗಿಸಿ ಹೋಗುವ ಬಸ್ಸು ಯಾರಿಗೆ ಬೇಕು? ಶಿಬಿರಕ್ಕೆ ನಡೆದು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ದಾಟುತ್ತದೆ. ಮುಟ್ಟಿದ ಕೂಡಲೇ ಸಂಜೆಯ ಬಸ್ಸಿಗೆ ಸಾಲು ನಿಲ್ಲಬೇಕು. ನಿದ್ದೆ ಎಲ್ಲಿ ಮಾಡುವುದು? ಸೇತುವೆಯ ಕೆಳಗೆ, ಚರಂಡಿ ಕೊಳವೆಯ ಒಳಗೆ, ಗೋರಿಗಳ ನಡುವೆ ಮಲಗಿದರು. ಎಲ್ಲಿ ಮಲಗಿದರೂ ಬೂಟು ಹಾಕಿಕೊಂಡೇ ಮಲಗಿದರು. ಯಾವ ಗಳಿಗೆಯಲ್ಲಿ ಓಡಬೇಕೋ.

ಅತ್ತೆಗೆ ಮೊದಲು ಸಿಕ್ಕಿದವಳು ಗೊಣಗಿ. ಬಿಸಿಲಿಗೂ ಗೊಣಗುತ್ತಿದ್ದಳು, ನೆರಳಿಗೂ ಗೊಣಗುತ್ತಿದ್ದಳು, ಹಾಗಾಗಿ ಆ ಹೆಸರು. ಒಂದು ಬೆಳಿಗ್ಗೆ ಒಗೆಯುವ ಮನೆಯ ಅಂಗಳದಲ್ಲಿ ಅತ್ತೆ ಕೊಳೆಬಟ್ಟೆಯ ಮೂಟೆಯನ್ನು ಹಂಡೆಗೆಂದು ಎಳೆದಳು. ಮೂಟೆ ಕೆಮ್ಮಿತು.

“ಅಯ್ಯೋ ನಿನ್ನ! ಇನ್ನು ಸ್ವಲ್ಪ ಹೊತ್ತಾಗಿದ್ರೆ ನಿನ್ನ ಕುದಿಸಿ, ಇಸ್ತ್ರಿ ಮಾಡಿ, ಮಡಚಿ ಮೇಲಿನ ವಾರ್ಡಿಗೆ ಕಳಿಸ್ತಿದ್ದೆನಲ್ಲೇ!”

“ಕಳಿಸು. ಅಲ್ಲಾದ್ರೂ ಮಂಚ ಇರುತ್ತೆ,” ಎಂದಳು ಗೊಣಗಿ, ಒಳಗಿನಿಂದಲೇ.

ಅತ್ತೆ ಅವಳ ಬೂಟು ಎಳೆದಳು. ಬೂಟಿನ ಜೊತೆ ಕಾಲುಚೀಲ ಬರಲಿಲ್ಲ. ಚರ್ಮಕ್ಕೆ ಅಂಟಿಕೊಂಡಿತ್ತು. ಆ ನಾತ ಮೂಗಿಗೆ ಬಡಿದದ್ದೇ ಅತ್ತೆ ಅಲ್ಲೇ ಕುಕ್ಕರಿಸಿದಳು. ಅದು ಅವಳಿಗೆ ಗೊತ್ತಿದ್ದ ನಾತ.

ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಅವಳೂ ಓಡಿ ಬಂದವಳೇ. ಅವಳು, ಅಮ್ಮ, ಅಜ್ಜಿ. ಯಾರಿಗೆ ಹೆದರಿ ಓಡಿದರೆಂದು ಆಗ ತಿಳಿಯಲಿಲ್ಲ. ಆಮೇಲೆ ತಿಳಿದದ್ದು ಯಾವ ಪ್ರಯೋಜನಕ್ಕೂ ಬರಲಿಲ್ಲ. ನಡೆದೂ ನಡೆದೂ ಅಜ್ಜಿಯ ಕಾಲು ಊದಿಕೊಂಡಿತ್ತು. ಹೊಳೆಯ ದಡದಲ್ಲಿ ಜನ ದಣಿವಾರಿಸಿಕೊಳ್ಳಲು ಕೂತಾಗ ಅಜ್ಜಿ ಬೂಟು ಬಿಚ್ಚಿ ಕಾಲನ್ನು ನೀರಿಗೆ ಇಳಿಬಿಟ್ಟಳು. “ಅಬ್ಬಾ” ಎಂದಳು. ಅಷ್ಟು ಸುಖವಾಗಿ ಯಾರಾದರೂ ಅಬ್ಬಾ ಎಂದದ್ದನ್ನು ಹುಡುಗಿ ಕೇಳಿರಲಿಲ್ಲ. ಆಗಲೇ ಬೆನ್ನ ಹಿಂದೆ ಗುಂಡಿನ ಸದ್ದು. ಜನ ಎದ್ದು ಓಡಿದರು. ಅಜ್ಜಿ ಬೂಟಿಗೆ ಕಾಲು ತುರುಕಿದಳು. ಊದಿದ ಕಾಲು ಒಳಗೆ ಹೋಗಲಿಲ್ಲ. ದಡದ ತುಂಬ ಚೂಪುಗಲ್ಲು. ಅಮ್ಮ ಒಂದು ಕೈಯಲ್ಲಿ ಮಗಳನ್ನು ಹಿಡಿದು ಇನ್ನೊಂದು ಕೈಯಲ್ಲಿ ಅಜ್ಜಿಯನ್ನು ಜಗ್ಗಿದಳು. “ನೀವು ನಡೀರಿ, ಹಾಕ್ಕೊಂಡು ಬರ್ತೀನಿ,” ಎಂದಳು ಅಜ್ಜಿ. ಬಗ್ಗಿಸಿದ ತಲೆ ಎತ್ತಲಿಲ್ಲ. ಬರಲೂ ಇಲ್ಲ.

ಅಂದಿನಿಂದ ಹುಡುಗಿ ಬೂಟು ಬಿಚ್ಚಿ ಮಲಗಲಿಲ್ಲ. ಡೇರೆಯಲ್ಲಿ ಬೆಳೆದಳು, ಬೂಟಿನಲ್ಲಿ ಮಲಗಿದಳು. ಅಮ್ಮ ಕೆಮ್ಮಿ ಕೆಮ್ಮಿ ಸತ್ತಳು. ನಡುವೆ ಒಂದು ಮದುವೆಯೂ ಆಯಿತು. ‘ಪೊಲೀಸಿನವನ ಪಕ್ಕ ಮಲಗಿದ ಹಾಗಾಗುತ್ತೆ’ ಎಂದು ಗಂಡ ಅನ್ನಿಸಿಕೊಂಡವನು ಮೊದಲ ವರ್ಷವೇ ಎದ್ದು ಹೋದ. ಒಗೆಯುವ ಮನೆ ಸೇರಿದ ಮೇಲೆ ಹಗಲೆಲ್ಲ ನೀರಿನಲ್ಲಿ ನಿಂತ ಬೂಟಿನೊಳಗೇ ಕಾಲು ಕೊಳೆಯಿತು. ಬಟ್ಟೆ ಮಡಿಸುವ ಮುದುಕಿಯೊಬ್ಬಳು ಊಟದ ಬಿಡುವಿನಲ್ಲಿ ಅವಳನ್ನು ಕೆಡವಿಕೊಂಡು ಕಾಲುಚೀಲವನ್ನು ಕತ್ತರಿಯಿಂದ ಕತ್ತರಿಸಿ ತೆಗೆದಳು. “ಇಲ್ಲಿಗೆ ಯಾರೂ ಬರಲ್ಲ ಕಣೇ ಮಗಳೇ. ಬಂದ್ರೂ ನಮ್ಮ ನಾತಕ್ಕೇ ಓಡ್ತಾರೆ,” ಎಂದಳು. ಅವತ್ತು ಮೂಟೆಗಳ ಮೇಲೆ ಬರಿಗಾಲಲ್ಲಿ ಅವಳಿಗೆ ನಿದ್ದೆ ಹತ್ತಿತು. ಎದ್ದಾಗ ಯಾರೂ ಸತ್ತಿರಲಿಲ್ಲ.

ಅವಳ ಬದುಕಿನಲ್ಲಿ ಗೆಲುವು ಅಂತ ಏನಾದರೂ ಇದ್ದರೆ ಅದು ಅಷ್ಟೇ. ಬೂಟು ಬಿಚ್ಚಿ ಮಲಗಿದಳು, ಎದ್ದಾಗ ಯಾರೂ ಸತ್ತಿರಲಿಲ್ಲ.

ಹುಡುಗರಿಗೆ ಅವಳು ಕೊಡಬೇಕೆಂದುಕೊಂಡದ್ದು ಇದನ್ನೇ. ಕೊಡಲು ಬೇರೇನೂ ಅವಳ ಬಳಿ ಇರಲಿಲ್ಲ. ಅವಳು ಕೆಲಸಕ್ಕೆ ಹೋದ ಮೇಲೆ ಕೋಣೆ ಖಾಲಿ. ಅವರು ಕೆಲಸದಿಂದ ಬರುವ ಹೊತ್ತಿಗೆ ಅವಳು ಹೊರಡುವ ಹೊತ್ತು. ಗೊಣಗಿ ಬಂದಳು. ಗೊಣಗಿಯ ಹಿಂದೆ ಉದ್ದಣ್ಣ ಬಂದ, ಬಾಗಿಲಿಗೆ ತಲೆ ಬಡಿಸಿಕೊಂಡು. ಅವನ ಹಿಂದೆ ಇನ್ನಷ್ಟು ಜನ. ಮೊದಮೊದಲು ಬೂಟು ಬಿಚ್ಚಿದರೂ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಮಲಗುತ್ತಿದ್ದರು. ಉದ್ದಣ್ಣ ಮಲಗುತ್ತಲೇ ಇರಲಿಲ್ಲ. ಗೋಡೆಗೆ ಒರಗಿ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ.

“ಬಾಗಿಲನ್ನ ಯಾಕೆ ಹಾಗೆ ನೋಡ್ತೀಯೋ? ಹೆಣ್ಣು ನೋಡೋಕೆ ಬಂದೋನ ಥರ. ಅದೇನು ನಿನ್ನ ಮದುವೆ ಆಗಲ್ಲ. ಮಲಗು.”

“ಯಾರಾದ್ರೂ ಬಂದ್ರೆ?”

“ಬರಲ್ಲ.”

“ಬಂದ್ರೆ, ಅತ್ತೆ?”

“ನಾನು ಹೇಳ್ತಿದ್ದೀನಲ್ಲ. ಇಲ್ಲಿಗೆ ಯಾರೂ ಬರಲ್ಲ.”

ಅದೇ ಮಾತನ್ನು ದಿನ ಬೆಳಗಾದರೆ ಹೇಳಿದಳು. ಹೇಳಿ ಹೇಳಿ ಅವಳಿಗೂ ಅದು ನಿಜ ಅನ್ನಿಸಿತು. ಚಳಿ ಕಳೆಯುವ ಹೊತ್ತಿಗೆ ಹುಡುಗರು ದಾರ ಬಿಚ್ಚಿದರು. ಬೂಟುಗಳು ಬಾಗಿಲ ಬಳಿ ಸಾಲಾಗಿ ಕೂತವು. ರಜೆಯ ದಿನ ಅತ್ತೆ ಒಲೆಯ ಪಕ್ಕ ಕೂತು ಮಲಗಿದವರನ್ನು ನೋಡುತ್ತಿದ್ದಳು. ನಿದ್ದೆಯಲ್ಲಿ ಬೆರಳು ಬಿಚ್ಚಿಕೊಂಡ ಕಾಲುಗಳು. ಗೊಣಗಿ ನಿದ್ದೆಯಲ್ಲೂ ಏನನ್ನೋ ದೂರುತ್ತಿದ್ದಳು. ಉದ್ದಣ್ಣನ ಕಾಲು ಹೊದಿಕೆಯಿಂದಾಚೆ ಬಂದು ಅಡುಗೆ ಪಾತ್ರೆಯನ್ನು ಒದೆಯುತ್ತಿತ್ತು. ಅವನು ಬಾಯಿ ತೆರೆದು ಮಲಗಿದ್ದ. ಬಾಗಿಲಿಗೆ ಬೆನ್ನು ಹಾಕಿ.

ಹೀಗಿರುವಾಗ ನೆರವಿನ ಸಂಸ್ಥೆಯ ಮೇಡಂ ಒಗೆಯುವ ಮನೆಗೆ ಬಂದರು. ನಿರಾಶ್ರಿತರ ಬಗ್ಗೆ ಊರಿನ ದೊಡ್ಡವರದೊಂದು ಸಭೆ ಇದೆ, ನೀವು ನಿಮ್ಮ ಕತೆ ಹೇಳಬೇಕು ಎಂದರು. ಚಿಕ್ಕಂದಿನಲ್ಲಿ ನೊಂದು ಗೆದ್ದವರು ನೀವು, ಈಗ ಎಳೆಯರಿಗೆ ದಾರಿ ತೋರುತ್ತಿದ್ದೀರಿ, ಇದು ಹತ್ತು ಜನಕ್ಕೆ ತಿಳಿಯಬೇಕು ಎಂದರು. ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಹೇಳಿದರು.

“ನಂಗೆ ಮಾತಾಡೋಕೆ ಬರಲ್ಲಮ್ಮ.”

“ನನ್ನ ಹತ್ತಿರ ಮಾತಾಡ್ತಿದ್ದೀರಲ್ಲ, ಹಾಗೇ.”

“ಅಲ್ಲಿಗೆ ಕಾರ್ಖಾನೆಯೋರು ಬರ್ತಾರಾ? ಸರ್ಕಾರಿ ಕಚೇರಿಯೋರು?”

“ಎಲ್ಲರೂ ಬರ್ತಾರೆ.”

ಅತ್ತೆ ಹೋದದ್ದು ಬಸ್ಸಿಗಾಗಿ. ಬೆಳಗಿನ ಬಸ್ಸು ಒಂದು ಮತ್ತೆ ಬಂದರೆ ಹುಡುಗರು ಶಿಬಿರದಲ್ಲೇ ಮಲಗಿಯಾರು, ಕದ್ದು ಮೆಟ್ಟಿಲು ಹತ್ತುವುದು ತಪ್ಪೀತು ಎಂದು.

ಸಭಾಂಗಣದಲ್ಲಿ ಮೆತ್ತನೆಯ ಕುರ್ಚಿಗಳು. ಮೈಕಿನ ಮುಂದೆ ನಿಂತಾಗ ಅತ್ತೆಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಆದರೆ ಅಜ್ಜಿಯ ಮಾತು ಎತ್ತಿದ್ದೇ ಬಾಯಿ ತಾನಾಗಿ ಓಡಿತು. ಊದಿದ ಕಾಲು, ಡೇರೆ, ಕೊಳೆತ ಬೂಟು, ಕತ್ತರಿ. ಆಮೇಲೆ ಹುಡುಗರು. ಟೈರಿನ ಅಂಗಡಿ ಮೇಲಿನ ತನ್ನ ಕೋಣೆ. “ಈಗ ನೋಡಬೇಕು ನೀವು. ಬೂಟೆಲ್ಲ ಬಾಗಿಲ ಹತ್ತಿರ ಸಾಲಾಗಿ ಇಟ್ಟು, ಮಗು ಥರ ಮಲಗ್ತವೆ. ಓಡಬೇಕು ಅನ್ನೋದೇ ಮರ್ತುಬಿಟ್ಟವೆ,” ಎಂದಳು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು.

“ಒಂದೇ ಒಂದು ಕೇಳ್ತೀನಿ. ಬೆಳಗಿನ ಬಸ್ಸು ಮತ್ತೆ ಬಿಡಿ. ಅಷ್ಟು ಮಾಡಿ.”

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಸ್ಸಿನ ಮಾತಿಗೆ ಯಾರೂ ಏನೂ ಹೇಳಲಿಲ್ಲ. ಚಪ್ಪಾಳೆಯೇ ಉತ್ತರ ಇರಬೇಕು ಎಂದುಕೊಂಡಳು. ಕೆಳಗಿಳಿದಾಗ ಕನ್ನಡಕದ ಅಧಿಕಾರಿಯೊಬ್ಬ ಅವಳಿಗೆ ಚಹಾ ತಂದುಕೊಟ್ಟ. ಅಳಿಯನ ಹಾಗೆ ನಯವಾಗಿ ಮಾತಾಡಿದ.

“ಮಕ್ಕಳು ಎಷ್ಟು ಹೊತ್ತಿಗೆ ಮಲಗ್ತಾವಮ್ಮ?”

“ಬೆಳಿಗ್ಗೆ ಬಂದು ಗಂಜಿ ಕುಡಿದು ಬಿದ್ಕೊಂಡ್ರೆ ಸಂಜೆವರೆಗೂ ಎಚ್ಚರ ಇಲ್ಲ. ಮಧ್ಯಾಹ್ನ ಕಿವಿ ಹತ್ರ ಡೋಲು ಬಡಿದ್ರೂ ಏಳಲ್ಲ!” ಎಂದು ಅತ್ತೆ ನಕ್ಕಳು. ಅವನೂ ನಕ್ಕ.

ಇಷ್ಟು ವರ್ಷ ಪೆಟ್ಟು ತಿಂದವಳಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ತಿಳಿಯಲಿಲ್ಲ. ಹೆದರಿಕೆ ಮರೆತು ಬೂಟು ಬಿಚ್ಚಿದವಳು ಅವಳೇ ಮೊದಲು ತಾನೇ.

ಆಮೇಲೆ ಒಂದು ಮಧ್ಯಾಹ್ನ ಅತ್ತೆ ಹಂಡೆಯಿಂದ ಹಾಸುಬಟ್ಟೆ ಎತ್ತುತ್ತಿದ್ದಳು. ಟೈರಿನವನು ಅಂಗಳದಲ್ಲಿ ನಿಂತು ಕೂಗಿದ. ಅವನು ಅಂಗಡಿ ಬಿಟ್ಟು ಓಡಿಬಂದಿದ್ದ, ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಹಾಗೇ ಇತ್ತು.

“ಲಾರಿ ಬಂದಿದೆ. ನಿನ್ನ ಮಕ್ಕಳನ್ನ ತುಂಬ್ತಿದ್ದಾರೆ.”

ಗಳ ಕೈ ಜಾರಿತು. ಕುದಿನೀರು ಮೊಣಕಾಲಿಗೆ ಹಾರಿತು. ಮೇಸ್ತ್ರಿ ಅಡ್ಡ ಬಂದ. “ಹಂಡೆ ಬಿಟ್ಟು ಹೋದ್ರೆ ನಾಳೆ ಬರಬೇಡ.” ಅವಳು ಅವನ ಮುಖ ಕೂಡ ನೋಡಲಿಲ್ಲ.

ಬೀದಿಯಲ್ಲಿ ಜಲ್ಲಿ ಹಾಸಿದ್ದರು. ಹುಡುಗರು ಅದರ ಮೇಲೆ ಬರಿಗಾಲಲ್ಲಿ ಕೂತಿದ್ದರು. ಒಬ್ಬರ ತೋಳಿಗೆ ಒಬ್ಬರು ತೋಳು ಹೆಣೆದುಕೊಂಡು, ಏಳದೆ. ಉದ್ದಣ್ಣನ ಹಣೆಯಿಂದ ರಕ್ತ ಸುರಿಯುತ್ತಿತ್ತು. ಒಬ್ಬ ಹುಡುಗಿಗೆ ಕೋಟೂ ಇರಲಿಲ್ಲ. ಎದುರುಮನೆಗಳ ಕಿಟಕಿಯಲ್ಲಿ ಜನ. ಯಾರೂ ಕೆಳಗೆ ಇಳಿಯಲಿಲ್ಲ. ಒಂದು ಗೋಣಿಚೀಲದ ತುಂಬ ಬೂಟು ತುಂಬಿ ಪೊಲೀಸಿನವನೊಬ್ಬ ಪಕ್ಕದಲ್ಲಿ ಕಾಯುತ್ತಿದ್ದ.

ಬಾಗಿಲನ್ನು ಮೆಲ್ಲಗೆ ತಳ್ಳಿ ಮೊದಲು ಬೂಟು ಹೊರಗೆ ಸಾಗಿಸಿದ್ದರು. ಸದ್ದಿಲ್ಲದೆ, ಒಂದೊಂದಾಗಿ. ಆಮೇಲೆ ಬಾಗಿಲು ತಟ್ಟಿದ್ದರು.

“ಬನ್ನಿ ಅಮ್ಮ,” ಎಂದ ಕನ್ನಡಕದವನು. “ಬಸ್ಸು ಕೇಳಿದ್ರಲ್ಲ. ಬಂದಿದೆ ನೋಡಿ.”

ಅವನ ಜೊತೆಗಿದ್ದವರು ನಕ್ಕರು. ಅತ್ತೆ ಸುಟ್ಟ ಮೊಣಕಾಲು ಎಳೆಯುತ್ತ ಅವನೆದುರು ಬಂದಳು.

“ಬಿಡಿ ಅವರನ್ನ. ಮಲಗಿದ್ರು ಅಷ್ಟೇ. ಮಲಗೋದು ತಪ್ಪಾ?”

“ಮಲಗೋದು ತಪ್ಪಲ್ಲಮ್ಮ. ಇಲ್ಲಿ ಮಲಗೋದು ತಪ್ಪು. ನಿಮ್ಮ ಮಾತು ಅವತ್ತು ತುಂಬ ಚೆನ್ನಾಗಿತ್ತು. ನನ್ನ ಹೆಂಡತಿ ಮನೆಗೆ ಬಂದೂ ಅತ್ತಳು. ಈಗ ಒಂದು ಉಪಕಾರ ಮಾಡಿ. ಇವರು ಏಳ್ತಾ ಇಲ್ಲ. ಬಲವಂತ ಮಾಡಿದ್ರೆ ಪೆಟ್ಟಾಗುತ್ತೆ. ನೀವು ಹೇಳಿದ್ರೆ ಕೇಳ್ತಾರೆ. ಲಾರಿ ಹತ್ತಿ ಅಂತ ಒಂದು ಮಾತು ಹೇಳಿ.”

ಹುಡುಗರೆಲ್ಲ ಅವಳ ಕಡೆ ತಿರುಗಿದರು. ದಿನಾ ಬೆಳಿಗ್ಗೆ ನೋಡುತ್ತಿದ್ದ ಹಾಗೆಯೇ ನೋಡಿದರು. ಅವಳು ಏಳು ಎಂದರೆ ಏಳುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು.

“ಹೇಳಲ್ಲ,” ಎಂದಳು.

“ಅವರ ಒಳ್ಳೇದಕ್ಕೇ...”

“ಹೇಳಲ್ಲ. ಒಂದು ಮಾತು ಹೇಳಿದ್ದೆ ನಾನು ಅವರಿಗೆ. ಯಾರೂ ಬರಲ್ಲ ಅಂತ. ಅದನ್ನ ನೀನು ಸುಳ್ಳು ಮಾಡಿದೆ. ಇನ್ನೊಂದು ಮಾತು ನನ್ನ ಬಾಯಿಂದ ನಿನಗೆ ಸಿಗಲ್ಲ. ಹೊಡೀತೀಯಾ, ಹೊಡಿ. ಎತ್ತಿ ಹಾಕ್ತೀಯಾ, ಹಾಕು. ನಿನ್ನ ಕೆಲಸ ನೀನು ಮಾಡು. ನನ್ನ ಕೈಲಿ ಮಾಡಿಸಬೇಡ.”

ಅವಳೂ ಹೋಗಿ ಜಲ್ಲಿಯ ಮೇಲೆ ಕೂತಳು. ಗೊಣಗಿಯ ಪಕ್ಕ. ಅವಳ ತೋಳಿಗೆ ತೋಳು ಸೇರಿಸಿದಳು. ಗೊಣಗಿಯ ತೋಳು ಸಡಿಲವಾಗಿತ್ತು, ಹಿಡಿದುಕೊಳ್ಳಲಿಲ್ಲ.

ಬಿಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೀನಿನ ಚೀಲ ಎತ್ತುವ ಹಾಗೆ ಎತ್ತಿದರು. ಕೂದಲು ಹಿಡಿದರು, ಬೆರಳು ತಿರುಚಿದರು. ಉದ್ದಣ್ಣನನ್ನು ಎತ್ತಲು ಆಗದೆ ಎಳೆದುಕೊಂಡು ಹೋದರು. ಜಲ್ಲಿಯ ಮೇಲೆ ಅವನ ಹಿಮ್ಮಡಿ ಕೆಂಪು ಗೆರೆ ಬರೆಯಿತು. ಅತ್ತೆಯನ್ನು ಮಾತ್ರ ಇಬ್ಬರು ಹಿಡಿದು ಟೈರಿನ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿದರು. ಅವಳಿಗೆ ಊರಿನ ಗುರುತುಚೀಟಿ ಇತ್ತು. ಅವಳು ಹಗಲಲ್ಲಿ ಇರಬಹುದಾದವಳು.

ಲಾರಿಯ ಬಾಗಿಲು ಹಾಕಿದ ಮೇಲೆ ಅತ್ತೆ ಕಟ್ಟೆಯಿಂದ ಬಿದ್ದಂತೆ ಇಳಿದು ಹೋದಳು. ತನ್ನ ಕೆಲಸದ ಬೂಟನ್ನು ಕಾಲಿನಿಂದ ಕಿತ್ತು ಹಲಗೆಯ ಸಂದಿಯಲ್ಲಿ ತೂರಿಸಿದಳು. ಒಳಗಿನಿಂದ ಒಂದು ಕೈ ಅದನ್ನು ಹಿಂದಕ್ಕೆ ತಳ್ಳಿತು. ಗೊಣಗಿಯ ಕೈ.

“ಬೇಡ. ನಿನಗೆ ಕೆಲಸಕ್ಕೆ ಬೇಕು.”

“ಇಟ್ಕೋ ಮಗಳೇ. ಅಲ್ಲಿ ಕಲ್ಲು...”

“ಅತ್ತೆ.” ಗೊಣಗಿ ಅಳುತ್ತಿರಲಿಲ್ಲ. ಗೊಣಗುತ್ತಲೂ ಇರಲಿಲ್ಲ. “ನಾವು ಯಾರಿಗೂ ಹೇಳಿರಲಿಲ್ಲ. ಶಿಬಿರದಲ್ಲಿ ನಮ್ಮಮ್ಮಂಗೂ ಹೇಳಿರಲಿಲ್ಲ ಎಲ್ಲಿ ಮಲಗ್ತೀವಿ ಅಂತ. ನೀನು ಯಾಕೆ ಹೇಳ್ದೆ?”

ಲಾರಿ ಹೊರಟಿತು.

ಬಸ್ಸಿಗೆ ಅಂತ ಹೇಳಿದೆ. ನಿಮಗೇ ಅಂತ ಹೇಳಿದೆ. ಅತ್ತೆಯ ಬಾಯಲ್ಲಿ ಮಾತುಗಳಿದ್ದವು. ಕೇಳುವವಳು ಬೀದಿ ತಿರುಗಿಯಾಗಿತ್ತು.

ಮರುದಿನ ಅವಳು ಕಚೇರಿಗೆ ಹೋದಳು. ಒಂದು ಕಿಟಕಿಯವನು ಇನ್ನೊಂದು ಕಿಟಕಿಗೆ ಕಳಿಸಿದ. ಆ ಕಿಟಕಿಯವಳು ಊಟಕ್ಕೆ ಹೋಗಿದ್ದಳು. ಬಂದಮೇಲೆ ನೋಡಿ ಹೇಳಿದಳು, “ದಾಟಿಸಿ ಆಯ್ತಲ್ಲ. ನಿನ್ನೆಯೇ.”

“ಬರಿಗಾಲಲ್ಲಾ?”

“ಅದೆಲ್ಲ ನಮಗೆ ಗೊತ್ತಿಲ್ಲ.”

“ಅವರ ಬೂಟು ಕೊಡಿ. ನಾನು ಹೇಗಾದ್ರೂ ಮುಟ್ಟಿಸ್ತೀನಿ.”

“ಕೊಡೋಕಾಗಲ್ಲ. ಅದು ಸಾಕ್ಷಿ. ಅಲ್ಲಿ ವಾಸ ಇದ್ರು ಅನ್ನೋದಕ್ಕೆ.”

ಕಾಲು ಹೊಳೆಯಾಚೆ. ಬೂಟು ಹೊಳೆಯೀಚೆ, ಸಾಕ್ಷಿಗೆ. ಅತ್ತೆ ಕಿಟಕಿಯ ಸರಳು ಬಿಡಲಿಲ್ಲ. ಹಿಂದಿನವರು “ಸರೀರಿ” ಎಂದು ಬೆನ್ನು ತಳ್ಳಿದ ಮೇಲೆ ಸರಿದಳು.

ಕೆಲಸದಿಂದ ಅವಳನ್ನು ತೆಗೆಯಲಿಲ್ಲ. ಆ ಹಂಡೆಯ ಮುಂದೆ ನಿಲ್ಲಲು ಬೇರೆ ಯಾರೂ ಬರುವುದಿಲ್ಲ ಎಂದು ಮೇಸ್ತ್ರಿಗೂ ಗೊತ್ತಿತ್ತು. “ನಿನ್ನ ಜನದ ಗಲಾಟೆ ಒಳಗೆ ತರಬೇಡ,” ಎಂದ ಅಷ್ಟೇ. ನಿನ್ನ ಜನ. ಅವನು ಹುಟ್ಟುವ ಮುಂಚಿನಿಂದ ಅವಳು ಆ ಊರಿನ ಕೊಳೆ ಒಗೆಯುತ್ತಿದ್ದಳು.

ಮೇಡಂ ಮತ್ತೆ ಬಂದರು. ಈ ಸಲ ಮೂಗಿಗೆ ಕರ್ಚೀಫು ಹಿಡಿಯಲಿಲ್ಲ, ಕಣ್ಣಿಗೆ ಹಿಡಿದರು. ನಮಗೆ ಏನೂ ತಿಳಿದಿರಲಿಲ್ಲ, ಅಧಿಕಾರಿಗಳು ಅವರ ಕಾನೂನು ನೋಡುತ್ತಾರೆ, ನಾವು ನಮ್ಮ ಸೇವೆ ಮಾಡುತ್ತೇವೆ, ಎರಡನ್ನೂ ಬೆರೆಸಬಾರದು ಎಂದರು. ದೊಡ್ಡ ಊರಿನಲ್ಲಿ ಇನ್ನೂ ದೊಡ್ಡ ಸಭೆ ಇದೆ ಎಂದರು.

“ಇಂಥ ಸಮಯದಲ್ಲೇ ನಿಮ್ಮ ಕತೆ ಜನ ಕೇಳಬೇಕು. ನೀವು ಅಂಥದ್ದನ್ನೇ ಗೆದ್ದು ಬಂದವರು. ಇದನ್ನೂ ಗೆಲ್ತೀರಿ.”

ಅತ್ತೆ ಹಂಡೆಯಿಂದ ಕೈ ತೆಗೆಯಲಿಲ್ಲ. ಗಳದಿಂದ ಬಟ್ಟೆ ತಿರುವುತ್ತಲೇ ಮಾತಾಡಿದಳು.

“ಗೆದ್ದೆ ಅಂತ ನಾನು ಯಾವತ್ತು ಹೇಳ್ದೆ? ನೀವು ಹೇಳಿದ್ರಿ. ನಾನು ನಿದ್ದೆ ಮಾಡ್ದೆ ಅಂತ ಮಾತ್ರ ಹೇಳಿದ್ದು.”

“ನಿಮ್ಮ ನೋವು ನನಗೆ ಅರ್ಥ ಆಗುತ್ತೆ...”

“ಆಗೋದು ಬೇಡ. ಅರ್ಥ ಆದೋರು ಕೈ ತಟ್ಟಿದ್ದು ನೋಡಿದ್ದೀನಿ. ನಮ್ಮಜ್ಜಿ ಕಾಲು ಊದಿದ್ದು ಹೇಳ್ದೆ, ಅತ್ರಿ. ನನ್ನ ಮಕ್ಕಳ ಕಾಲು ಬರಿದು ಅಂತ ಹೇಳ್ದೆ, ಲಾರಿ ಕಳಿಸಿದ್ರಿ. ಇನ್ನೇನು ಹೇಳಲಿ? ಕೊಡಲ್ಲಮ್ಮ. ಕತೆ ಇಲ್ಲ. ನೀವು ನಿಂತಿರೋ ಜಾಗದಲ್ಲಿ ಕೀವಿನ ನೀರು ಬರುತ್ತೆ, ಆಚೆ ಹೋಗಿ.”

ಮೇಡಂ ಹೋದರು. ಹೋಗುವಾಗ ಕಾಲೆತ್ತಿ ಎತ್ತಿ ಇಡುತ್ತ ಹೋದರು. ಬಟ್ಟೆ ಮಡಿಸುವ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅತ್ತೆಗೆ ನಗು ಬರಲಿಲ್ಲ. ಹೇಳಬೇಕಾದ್ದನ್ನು ಹೇಳಿದರೆ ಎದೆ ಹಗುರವಾಗುತ್ತದೆ ಅನ್ನುತ್ತಾರೆ. ಆಗಲಿಲ್ಲ. ಹೊಳೆಯಾಚೆಗೆ ಆ ಮಾತು ಕೇಳಿಸುವುದಿಲ್ಲವಲ್ಲ.

ಕೋಣೆ ಖಾಲಿ ಬಿತ್ತು. ಗೊಣಗಿಯ ಬಾಚಣಿಗೆ ಕಿಟಕಿಯಲ್ಲಿ ಹಾಗೇ ಇತ್ತು. ಬೆಳಿಗ್ಗೆ ಗಂಜಿ ಕಾಯಿಸುವಾಗ ಕೈ ಅಭ್ಯಾಸ ಬಲದಿಂದ ದೊಡ್ಡ ಪಾತ್ರೆಗೇ ಹೋಗುತ್ತಿತ್ತು. ಕಾಯಿಸಿದ್ದನ್ನು ಟೈರಿನವನಿಗೆ ಕೊಟ್ಟರೆ ಅವನು ತಲೆ ತಗ್ಗಿಸಿ ಕುಡಿಯುತ್ತಿದ್ದ.

ಮೀನು ನಿಲ್ಲಲಿಲ್ಲ. ಕಾರ್ಖಾನೆಗೆ ಕೈ ಬೇಕಿತ್ತು. ಶಿಬಿರದಿಂದ ಸಂಜೆಯ ಬಸ್ಸು ಬೇರೆ ಹುಡುಗರನ್ನು ತುಂಬಿಕೊಂಡು ಬಂತು. ಬೆಳಗಿನ ಬಸ್ಸು ಬರಲಿಲ್ಲ.

ಒಂದು ಬೆಳಿಗ್ಗೆ ಬಾಗಿಲ ಹೊರಗೆ ಯಾರೋ ಕೆಮ್ಮಿದರು. ಅತ್ತೆ ತೆರೆದಳು. ಒಬ್ಬ ಹುಡುಗಿ, ಅವಳ ಹಿಂದೆ ಅವಳ ತಮ್ಮ. ಇಬ್ಬರ ಮೈಮೇಲೂ ಮೀನಿನ ಹುರುಪೆ. ಹುಡುಗನ ಹೆಬ್ಬೆರಳಿಗೆ ಸುತ್ತಿದ ಚಿಂದಿ ನೆನೆದು ಕೆಂಪಾಗಿತ್ತು.

“ಅತ್ತೆ ಅಂದ್ರೆ ನೀವೇನಾ?” ಎಂದಳು ಹುಡುಗಿ. “ಲಾರಿಯ ಸುದ್ದಿ ಜೊತೆಗೇ ಶಿಬಿರಕ್ಕೆಲ್ಲ ಗೊತ್ತಾಯ್ತು, ಇಲ್ಲಿ ಮಲಗೋಕೆ ಬಿಡ್ತಾರೆ ಅಂತ.”

ಇಲ್ಲ, ಹೋಗಿ ಎನ್ನಬೇಕು. ಇಲ್ಲಿಗೆ ಒಮ್ಮೆ ಬಂದ ಪೊಲೀಸಿನವರು ಮತ್ತೆ ಬರುತ್ತಾರೆ, ಸೇತುವೆಯ ಕೆಳಗೇ ಒಳ್ಳೆಯದು ಎನ್ನಬೇಕು. ಹುಡುಗ ನಿಂತಲ್ಲೇ ನಿದ್ದೆಯಲ್ಲಿ ವಾಲುತ್ತಿದ್ದ. ಅಕ್ಕ ಅವನನ್ನು ಸೊಂಟದಿಂದ ಆನಿಸಿಕೊಂಡು ಬಗ್ಗಿದಳು. ಬೂಟಿನ ದಾರಕ್ಕೆ ಕೈ ಹಾಕಿದಳು.

“ಬೂಟು ಬಿಚ್ಚಿದ್ರೆ ಮಾತ್ರ ಒಳಗೆ ಬಿಡ್ತೀರಂತಲ್ಲ.”

ಅತ್ತೆಯ ಗಂಟಲಲ್ಲಿ ಹಳೆಯ ಮಾತು ಬಂದು ನಿಂತಿತು. ಯಾರೂ ಬರಲ್ಲ. ನಾಲಿಗೆ ಅದನ್ನು ಎತ್ತಲಿಲ್ಲ.

“ಬಿಚ್ಚಬೇಡ,” ಎಂದಳು.

ಹುಡುಗಿ ತಲೆ ಎತ್ತಿ ನೋಡಿದಳು.

“ಹಾಗೇ ಮಲಗಿ. ದಾರ ಬಿಗಿಯಾಗಿ ಕಟ್ಕೊಂಡು ಮಲಗಿ.”

ಹುಡುಗಿಯ ಮುಖ ಅರಳಿತು. “ಅಬ್ಬ, ಒಳ್ಳೇದಾಯ್ತು! ಅದೊಂದೇ ನಮಗೆ ಹೆದರಿಕೆ ಇದ್ದದ್ದು,” ಎಂದಳು. ತಮ್ಮನನ್ನು ಒಳಗೆ ತಳ್ಳಿಕೊಂಡು ಹೋದಳು. ಗಂಜಿಯನ್ನೂ ಕೇಳಲಿಲ್ಲ. ಗೋಡೆಯ ಪಕ್ಕ ಇಬ್ಬರೂ ಮುದುಡಿಕೊಂಡು, ಹಿಮ್ಮಡಿಗಳನ್ನು ಒಳಕ್ಕೆಳೆದುಕೊಂಡು, ಬಾಗಿಲಿಗೆ ಮುಖ ಮಾಡಿ ಮಲಗಿದರು. ಅತ್ತೆ ಹೊದಿಸಿದಳು. ಹೊದಿಕೆಯ ಕೆಳಗೆ ಬೂಟುಗಳು ಮುದುಡಿ ಮಲಗಿದ ಇನ್ನೆರಡು ಮಕ್ಕಳ ಹಾಗೆ ಉಬ್ಬಿಕೊಂಡಿದ್ದವು.

ಆಸ್ಪತ್ರೆಯ ಸೈರನ್ನಿನ ಕೂಗು ಆಯಿತು. ಹಗಲು ಪಾಳಿಯ ಕೂಗು. ಇಷ್ಟು ವರ್ಷದಲ್ಲಿ ಪಾಳಿಯಿದ್ದ ದಿನ ಆ ಕೂಗಿಗೆ ಅವಳು ಮೆಟ್ಟಿಲಿಳಿಯದೆ ಇದ್ದದ್ದಿಲ್ಲ. ಅವಳು ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಎರಡು ಮೆಟ್ಟಿಲು ಇಳಿದಳು. ಮೂರನೆಯದರ ಮೇಲೆ ಕೂತುಬಿಟ್ಟಳು.

ಟೈರಿನವನು ಕೆಳಗಿನಿಂದ ಕತ್ತೆತ್ತಿ ನೋಡಿದ. “ಹೊತ್ತಾಯ್ತಲ್ಲ, ಹೋಗಲ್ವಾ?”

“ಇಲ್ಲ.”

“ಕೆಲಸ ಹೋಗುತ್ತೆ.”

“ಹೋಗಲಿ.”

“ಅಲ್ಲಿ ಕೂತು ಏನು ಮಾಡ್ತೀಯ? ಅವರು ಬಂದ್ರೆ ನಿನ್ನ ಕೈಲಿ ಏನಾಗುತ್ತೆ?”

“ಏನೂ ಆಗಲ್ಲ,” ಎಂದಳು ಅತ್ತೆ.

ಕಬ್ಬಿಣದ ಮೆಟ್ಟಿಲು ಕಿರಿದು. ಒಬ್ಬರು ಕೂತರೆ ಇನ್ನೊಬ್ಬರು ಸರಿದು ಹೋಗಲು ಜಾಗವಿಲ್ಲ. ಮೇಲೆ ಹೋಗಬೇಕಾದವರು ಅವಳನ್ನು ತುಳಿದೇ ಹೋಗಬೇಕು. ತುಳಿಯುವುದು ಅವರಿಗೆ ಕಷ್ಟವೇನಲ್ಲ ಎಂದು ಅವಳಿಗೆ ಗೊತ್ತಿತ್ತು. ಎರಡೂ ಕೈಯಲ್ಲಿ ಎರಡೂ ಬದಿಯ ಸರಳು ಹಿಡಿದುಕೊಂಡಳು. ಬೀದಿಯ ತಿರುವಿನ ಕಡೆ ನೋಡುತ್ತ ಕೂತಳು.